ಬಾವಿ ತೋಡುವವನ ಮಣ್ಣು

ಉಗುರಿನ ಸಂದಿಯ ಜೇಡಿಮಣ್ಣು ಎಷ್ಟು ಒರೆಸಿದರೂ ಬಿಡಲಿಲ್ಲ. ಹುಲ್ಡಾ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಅದ್ದಿ ಗಂಡನ ಬೆರಳುಗಳನ್ನು ಒಂದೊಂದಾಗಿ ಉಜ್ಜಿದಳು. ಕೊನೆಗೆ ಹೆಣಿಗೆಯ ಕಡ್ಡಿ ತಂದು ಅದರ ತುದಿಯಿಂದ ಕೆದಕಿದಳು. ಇಪ್ಪತ್ತೆರಡು ವರ್ಷ ಬಾವಿ ತೋಡಿದ ಕೈ. ಬದುಕಿದ್ದಾಗ ಹೋಗದ ಮಣ್ಣು ಈಗ ಹೋದೀತೇ ಎನ್ನಿಸಿ ಕಡ್ಡಿಯನ್ನು ಪಕ್ಕಕ್ಕಿಟ್ಟು, ಅಬ್ನರ್ ಪೀಸ್ಲಿಯ ಎರಡೂ ಕೈಗಳನ್ನು ಅವನ ಎದೆಯ ಮೇಲೆ ಜೋಡಿಸಿದಳು.

ಹೊರಗೆ ಸುತ್ತಿಗೆಯ ಸದ್ದು. ಹುಲ್ಲು ಬಿಟ್ಟರೆ ಬೇರೇನೂ ಇಲ್ಲದ ಆ ಬಯಲಿನಲ್ಲಿ ಹಲಗೆ ಸಿಗುವುದು ಸುಲಭವಲ್ಲ. ಮೂರು ವರ್ಷದ ಹಿಂದೆ ಗಂಡಹೆಂಡಿರನ್ನು ಮಿಸೌರಿ ನದಿಯ ದಡದಿಂದ ಕಾನ್ಸಾಸಿಗೆ ಹೊತ್ತು ತಂದ ಬಂಡಿಯ ಹಲಗೆಗಳನ್ನೇ ಕಿತ್ತು, ಅಕ್ಕಪಕ್ಕದವರು ಪೆಟ್ಟಿಗೆ ಹೊಡೆಯುತ್ತಿದ್ದರು.

ಕ್ಯಾಪ್ಟನ್ ಬ್ರ್ಯಾಕೆಟ್ ಒಳಗೆ ಬಂದ. ಟೋಪಿ ತೆಗೆದಿದ್ದ, ಹೆಗಲ ಬಂದೂಕು ತೆಗೆದಿರಲಿಲ್ಲ. ಈ ನೆಲಕ್ಕೆ ಗುಲಾಮರನ್ನು ತರಕೂಡದು ಎಂದು ಹಟ ತೊಟ್ಟು ಪೂರ್ವದಿಂದ ಬಂದು ನೆಲೆಸಿದವರಿಗೆ ಅವನೇ ಮುಖಂಡ. ಹಳ್ಳದ ಆಚೆ ಮಿಸೌರಿಯಿಂದ ಬಂದವರ ಮನೆಗಳು. ಅವರು ಗುಲಾಮರನ್ನು ಇಟ್ಟುಕೊಂಡವರು, ಇಟ್ಟುಕೊಳ್ಳುವ ಆಸೆಯವರು. ಎರಡು ಕಡೆಯವರೂ ಕುಡಿಯುತ್ತಿದ್ದದ್ದು ಮಾತ್ರ ಅಬ್ನರ್ ತೋಡಿದ ಬಾವಿಗಳ ನೀರು.

ಅಬ್ನರ್ ಸತ್ತದ್ದು ಆಚೆ ದಡದ ಲೆಮ್ಯುಯೆಲ್ ಕಟ್ರೈಟ್‌ನ ಬಾವಿಯಲ್ಲಿ. ನಿನ್ನೆ ಮಧ್ಯಾಹ್ನ ಕಟ್ರೈಟ್ ತಾನೇ ಹೆಣವನ್ನು ಬಂಡಿಯಲ್ಲಿ ತಂದು ಮಂಚದ ಮೇಲೆ ಮಲಗಿಸಿ ಮೆಟ್ಟಿಲ ಮೇಲೆ ಕೂತಿದ್ದ. ಏನಾಯಿತೆಂದು ಹುಲ್ಡಾ ಕೇಳಿದಳು. ಅಷ್ಟರಲ್ಲಿ ಬ್ರ್ಯಾಕೆಟ್‌ನ ಜನ ಬರುವುದು ಕಂಡು ಎದ್ದು ಹೋಗಿಬಿಟ್ಟಿದ್ದ.

ಬ್ರ್ಯಾಕೆಟ್ ಜೇಬಿನಿಂದ ಒಂದು ಕಾಗದ ತೆಗೆದು ಅವಳಿಗೆ ಕೊಟ್ಟ. ಪತ್ರಿಕೆಗೆ ಕಳಿಸಲು ರಾತ್ರಿಯೇ ಬರೆದಿಟ್ಟಿದ್ದನಂತೆ. ಗುಲಾಮರ ಧಣಿಗಳು ಒಬ್ಬ ಸಾಧು ಮನುಷ್ಯನನ್ನು ಬಾವಿಗೆ ತಳ್ಳಿ ಕೊಂದರು ಎಂದಿತ್ತು ಅದರಲ್ಲಿ. ಮಣ್ಣು ಮಾಡಿ ಮುಗಿದ ಕೂಡಲೇ ಅವನ ಕಡೆಯ ಹುಡುಗರು ಹಳ್ಳ ದಾಟಿ ಕಟ್ರೈಟ್‌ನ ಮನೆಗೆ ಬೆಂಕಿ ಇಡುವವರಿದ್ದರು.

"ಅಬ್ನರ್ ಸುಮ್ನೆ ಸಾಯ್ಲಿಲ್ಲಮ್ಮ. ನಮ್ಮ ಪಕ್ಷಕ್ಕೋಸ್ಕರ ಸತ್ತ."

"ತಳ್ಳಿದ್ದು ನೀವು ನೋಡಿದ್ರಾ?"

"ನೋಡ್ಬೇಕಾ? ಬಾವಿ ಅವನ್ದು, ರಾಟೆ ಹಿಡಿದಿದ್ದ ಕೈ ಅವನ್ದು. ಇನ್ನೇನು ಬೇಕು?"

ಹುಲ್ಡಾ ಕಾಗದವನ್ನು ಮಡಿಸಿ ವಾಪಸು ಕೊಟ್ಟಳು. ತನ್ನ ಗಂಡ ಯಾವ ಪಕ್ಷಕ್ಕೋಸ್ಕರ ಏನು ಮಾಡಿದ್ದ ಎನ್ನುವುದು ಈ ಊರಿನಲ್ಲಿ ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

* * *

ಎರಡು ವರ್ಷದ ಹಿಂದೆ, ಡಿಸೆಂಬರಿನ ಒಂದು ಸಂಜೆ, ಅಬ್ನರ್ ಮತ ಹಾಕಿ ಬಂದು ಒಲೆಯ ಮುಂದೆ ಕಾಲು ಕಾಯಿಸುತ್ತ ಕೂತಿದ್ದ. ಕಾನ್ಸಾಸಿನಲ್ಲಿ ಗುಲಾಮಗಿರಿ ಬೇಡ ಎಂದು ಮತ ಕೊಟ್ಟೆ ಅಂದ. ಹುಲ್ಡಾಳಿಗೆ ಸಮಾಧಾನವಾಯಿತು. ಆದರೆ ಅದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಇತ್ತೆಂದು ಅವಳು ಕೇಳಿದ್ದಳು. ಕಪ್ಪು ಜನ ಗುಲಾಮರಾಗಿರಲಿ, ಬಿಡುಗಡೆಯಾದವರಾಗಿರಲಿ, ಈ ನೆಲದಲ್ಲಿ ಕಾಲೇ ಇಡಕೂಡದು ಎಂದು ಕಾನೂನು ಮಾಡೋಣವೇ ಎನ್ನುವುದು.

"ಅದಕ್ಕೇನಂದೆ?"

ಅವನು ಬೆಂಕಿಯನ್ನೇ ನೋಡುತ್ತಿದ್ದ. "ಹೂಂ ಅಂದೆ. ಎಲ್ಲಾರೂ ಹೂಂ ಅಂದ್ರು."

"ನಾನು ಕೇಳಿದ್ದು ನಿನ್ನ."

"ನೋಡು ಹುಲ್ಡಾ, ಪುಕ್ಕಟೆ ಅಗೆಯೋನು ಒಬ್ಬ ಬಂದ್ರೆ ನನ್ನ ಯಾರು ಕರೀತಾರೆ?"

"ಬಿಡುಗಡೆ ಆದೋನು ಪುಕ್ಕಟೆ ಯಾಕೆ ಅಗೀತಾನೆ?"

ಅಬ್ನರ್ ಬೆಂಕಿ ಕೆದಕಿದ. ಅವನು ಕೆಟ್ಟವನಲ್ಲ. ಹೊಸ ಬಾವಿಯ ಮೊದಲ ನೀರನ್ನು ತಾನೇ ಕುಡಿದು ನೋಡದೆ ಬೇರೆಯವರಿಗೆ ಕೊಡುತ್ತಿರಲಿಲ್ಲ. ಆದರೆ ಹತ್ತು ಜನ ಹೋದ ದಾರಿಯಲ್ಲಿ ಹೋಗುವವನು, ಎದ್ದು ನಿಂತು ಒಲ್ಲೆ ಅಂದವನಲ್ಲ. ಅಂದು ಹುಲ್ಡಾ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಆಮೇಲೂ ಎಷ್ಟೋ ದಿನ ಹಾಗೆಯೇ ಮಲಗಿದಳು.

* * *

ಪಾದ್ರಿ ಸ್ಟೋಡರ್ಡ್ ಹೆಂಡತಿಯ ಜೊತೆ ಬಂಡಿಯಲ್ಲಿ ಬಂದಿಳಿದ. ಪೆಟ್ಟಿಗೆಯನ್ನು ದಿಬ್ಬದ ಮೇಲೆ ತೋಡಿದ ಗುಂಡಿಯ ಪಕ್ಕ ಇಳಿಸುವ ಹೊತ್ತಿಗೆ, ಹಳ್ಳದ ಕಡೆಯಿಂದ ಇಬ್ಬರು ಬರುವುದು ಕಂಡಿತು. ಕುದುರೆಯ ಮೇಲೆ ಕಟ್ರೈಟ್. ಹಿಂದೆ ಹೇಸರಗತ್ತೆಯ ಮೇಲೆ ಅವನ ಗುಲಾಮ ಐಸಮ್. ಕಟ್ರೈಟ್‌ನ ಸೊಂಟದಲ್ಲಿ ಪಿಸ್ತೂಲು ಇರಲಿಲ್ಲ. ಬೇಲಿಗೆ ಎರಡನ್ನೂ ಕಟ್ಟಿ, ಟೋಪಿ ಕೈಯಲ್ಲಿ ಹಿಡಿದು ನಡೆದು ಬಂದ.

ನಾಲ್ಕೈದು ಬಂದೂಕುಗಳು ಮೇಲೆದ್ದವು. ಹುಲ್ಡಾ ಅವುಗಳ ಮುಂದೆ ಹಾದುಹೋಗಿ ಕಟ್ರೈಟ್‌ನ ಎದುರು ನಿಂತಳು. ಹೆಂಗಸು ಅಡ್ಡ ಬಂದ ಮೇಲೆ ಬಂದೂಕುಗಳು ಕೆಳಗಿಳಿಯಲೇಬೇಕಾಯಿತು.

"ನಿನ್ನೆ ಕೇಳಿದ್ದನ್ನೇ ಇವತ್ತೂ ಕೇಳ್ತೀನಿ," ಅಂದಳು. "ಏನಾಯ್ತು?"

ಕಟ್ರೈಟ್ ಬಾಯಿ ತೆರೆದ. ಬಾವಿಯ ತಳದಲ್ಲಿ ಕೆಟ್ಟ ಗಾಳಿ ಇತ್ತು, ತನಗೆ ಗೊತ್ತಾಗಲಿಲ್ಲ ಎಂದಷ್ಟೇ ಹೇಳಿ ನಿಲ್ಲಿಸಿದ. ಸುಳ್ಳು ಅಂತ ಯಾರೋ ಹಿಂದಿನಿಂದ ಅಂದರು. ಹುಲ್ಡಾ ಐಸಮ್‌ನ ಕಡೆ ತಿರುಗಿದಳು. ನಲವತ್ತರ ಆಸುಪಾಸಿನ ಎತ್ತರದ ಮನುಷ್ಯ. ಕಂಕುಳ ಕೆಳಗೆ ಅಂಗಿ ಹರಿದಿತ್ತು, ಅಲ್ಲಿ ಹಗ್ಗ ಉಜ್ಜಿದ ಗಾಯ ಇನ್ನೂ ಹಸಿಯಾಗಿತ್ತು.

"ನೀನು ಅಲ್ಲಿದ್ಯಾ?"

"ಇದ್ದೆ ಅಮ್ಮಾವ್ರೇ."

ಬ್ರ್ಯಾಕೆಟ್ ನಡುವೆ ಬಂದ. ಗುಲಾಮನ ಸಾಕ್ಷಿ ಯಾವ ಕೋರ್ಟಿನಲ್ಲೂ ನಡೆಯುವುದಿಲ್ಲ, ಧಣಿ ಕಲಿಸಿದ್ದನ್ನು ಒಪ್ಪಿಸುತ್ತಾನೆ ಅಷ್ಟೆ ಎಂದ.

"ಆ ಕಾನೂನು ಮಾಡಿದೋರು ಹಳ್ಳದ ಆಚೆಯೋರು," ಅಂದಳು ಹುಲ್ಡಾ. "ನಾವು ಅವರ ಕಾನೂನು ಒಪ್ಪಲ್ಲ ಅಂತ ತಾನೇ ನೀವು ಬಂದೂಕು ಹೊತ್ಕೊಂಡಿರೋದು? ಅವನು ಹೇಳ್ಲಿ."

ಐಸಮ್ ಧಣಿಯ ಮುಖವನ್ನು ಒಮ್ಮೆ, ಪೆಟ್ಟಿಗೆಯನ್ನು ಒಮ್ಮೆ ನೋಡಿದ. ನಿಧಾನವಾಗಿ, ಒಂದೇ ಸಮನೆ ಹೇಳಿದ. ಅಬ್ನರ್ ಇಲ್ಲದಾಗ ಬಾವಿಗೆ ಇಳಿಯುವ ರೂಢಿ ಇರಲಿಲ್ಲ. ಅವನು ಮೊದಲು ಹಗ್ಗದಲ್ಲಿ ಉರಿಯುವ ಮೇಣದಬತ್ತಿ ಇಳಿಸಿ, ಕೆಟ್ಟ ಗಾಳಿಗೆ ಅದು ಆರಲಿಲ್ಲ ಎಂದರೆ ಮಾತ್ರ ಇಳಿಯಲು ಬಿಡುತ್ತಿದ್ದ. ನಿನ್ನೆ ಬೆಳಿಗ್ಗೆ ಧಣಿಗೆ ಅವಸರ. ಅಬ್ನರ್ ಬರುವ ತನಕ ಕಾಯದೆ ಐಸಮ್‌ನನ್ನು ಇಳಿಸಿದರು. ನಾಲ್ಕು ಸಲ ಗುದ್ದಲಿ ಹಾಕುವುದರೊಳಗೆ ಕಾಲು ಕುಸಿಯಿತು. ಅಬ್ನರ್ ಬಂದವನು ಬಗ್ಗಿ ನೋಡಿ, ಹಗ್ಗ ಹಿಡಿದು ಜಾರಿಕೊಂಡು ಇಳಿದೇಬಿಟ್ಟ.

"ನಂಗೆ ಕಣ್ಣು ಬಿಡೋಕೆ ಆಗ್ತಿರ್ಲಿಲ್ಲ, ಕಿವಿ ಕೇಳ್ತಿತ್ತು. ಅವ್ರು ನನ್ನ ಕಂಕುಳಿಗೆ ಹಗ್ಗ ಕಟ್ಟಿದ್ರು. ಧಣಿ ಮೇಲಿಂದ ಕೂಗಿದ್ರು, ಬಿಡು ಅವನ್ನ, ನೀನು ಬಾ ಮೇಲೆ ಅಂತ." ಐಸಮ್ ಉಸಿರು ತೆಗೆದುಕೊಂಡ. "ಪೀಸ್ಲಿಯವರು ಒಂದೇ ಮಾತು ಅಂದ್ರು. ಎಳಿ, ಅಂದ್ರು."

ಅವನ ಕೈ ಕಂಕುಳ ಗಾಯದ ಮೇಲೆ ಹೋಯಿತು.

"ಎಳುದ್ರು. ಹಗ್ಗ ತಿರುಗ ಕೆಳಗೆ ಬಿಟ್ಟಾಗ ಅದನ್ನ ಹಿಡಿಯೋ ಕೈ ಅಲ್ಲಿರ್ಲಿಲ್ಲ."

ತನ್ನ ಧಣಿಯನ್ನು ಕೊಲೆಯ ಆರೋಪದಿಂದ ಉಳಿಸಿದ ಮಾತು ಅದು, ಹತ್ತೂರ ಜನರ ಮುಂದೆ ಅವನ ಮಾನ ತೆಗೆದ ಮಾತೂ ಅದೇ. ಮನೆಗೆ ಹೋದ ಮೇಲೆ ಅದಕ್ಕೆ ಏನು ಬೆಲೆ ತೆರಬೇಕು ಎನ್ನುವುದು ಐಸಮ್‌ಗೆ ಗೊತ್ತಿತ್ತು. ಆದರೂ ಒಂದಕ್ಷರ ಬಿಟ್ಟಿರಲಿಲ್ಲ.

"ಹೌದು," ಅಂದ ಕಟ್ರೈಟ್, ಟೋಪಿಯನ್ನು ನೋಡುತ್ತ. "ಹಾಗೇ ಅಂದಿದ್ದೆ."

ಬ್ರ್ಯಾಕೆಟ್ ಕಾಗದವನ್ನು ಮಡಿಸಿ ಮಡಿಸಿ ಬೆರಳುಗಾತ್ರ ಮಾಡಿ ಜೇಬಿಗೆ ತುರುಕಿದ. ಅವನ ಮುಖದಲ್ಲಿ ಸಿಟ್ಟಿಗಿಂತ ನಿರಾಸೆ ಹೆಚ್ಚಿತ್ತು. ಹುಡುಗರು ಬಂದೂಕುಗಳನ್ನು ಬೇಲಿಗೆ ಒರಗಿಸಿದರು. ಕಪ್ಪು ಜನ ಇಲ್ಲಿ ಬರಲೇಕೂಡದೆಂದು ಅಬ್ನರ್‌ನ ಜೊತೆಯಲ್ಲೇ ಮತ ಹಾಕಿ ಬಂದವರು ಅವರಲ್ಲಿ ಹಲವರಿದ್ದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

* * *

ಹೋದ ತಿಂಗಳು ಒಂದು ಸಂಜೆ, ಅಬ್ನರ್ ಕಟ್ರೈಟ್‌ನ ಬಾವಿಯ ಕೆಲಸದಿಂದ ಬಂದು ಮೆಕ್ಕೆಜೋಳದ ರೊಟ್ಟಿಯ ಮುಂದೆ ಕೂತಿದ್ದ. ಮಾತು ಕಡಿಮೆಯ ಮನುಷ್ಯ ತಾನಾಗಿಯೇ ಬಾಯಿ ತೆರೆದ.

"ಆ ಐಸಮ್‌ಗೆ ಮಣ್ಣು ಗೊತ್ತು. ಮುಷ್ಟೀಲಿ ಹಿಡಿದು ಮೂಸಿ, ನೀರು ಇನ್ನೆಷ್ಟು ಕೆಳಗೆ ಅಂತ ಹೇಳ್ತಾನೆ. ನಂಗೇ ಬರಲ್ಲ ಅದು."

ಹುಲ್ಡಾ ಹಂದಿಮಾಂಸದ ಸಾರು ಬಡಿಸಿದಳು. ಅವನು ಚಮಚ ತೆಗೆದುಕೊಂಡವನು ಮತ್ತೆ ಕೆಳಗಿಟ್ಟ.

"ಅವನ ಹೆಂಡತೀನ ಟೆಕ್ಸಾಸಿಗೆ ಮಾರಿದಾರಂತೆ. ಮಣ್ಣು ತುಂಬ್ತಾ ತುಂಬ್ತಾ ಹೇಳ್ದ. ಇವತ್ತು ಸೆಕೆ ಅಂತ ಹೇಳೋ ಹಾಗೆ ಹೇಳ್ದ."

ಆ ರಾತ್ರಿ ಅವನು ಊಟ ಮಾಡಲಿಲ್ಲ. ತಾನು ಹಾಕಿದ ಮತದ ವಿಷಯ ಅವನು ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಆದರೆ ಮಲಗುವಾಗ ಹುಲ್ಡಾ ಅವನ ಕಡೆ ತಿರುಗಿ ಮಲಗಿದಳು.

* * *

ಪೆಟ್ಟಿಗೆಗೆ ಹಗ್ಗ ಸುತ್ತುತ್ತಿದ್ದಾಗ ಹುಲ್ಡಾ ಒಂದು ಚೆಂಬು ನೀರು ತಂದು ಐಸಮ್‌ಗೆ ಕೊಟ್ಟಳು. ಅವನು ಪೂರ್ತಿ ಕುಡಿದು, ಚೆಂಬನ್ನು ಹಿಂದಿರುಗಿಸುತ್ತ, ಮುಖ ಎತ್ತದೆ ಕೇಳಿದ.

"ಪಾದ್ರಿಗಳ ಬಂಡಿ ಇಲ್ಲಿಂದ ಯಾವ ಕಡೆ ಹೋಗುತ್ತೆ ಅಮ್ಮಾವ್ರೇ?"

"ಉತ್ತರಕ್ಕೆ," ಅಂದಳು ಹುಲ್ಡಾ. "ಅಯೋವಾದ ಕಡೆ. ಅಲ್ಲಿ ಗುಲಾಮಗಿರಿ ಇಲ್ಲ. ಅವರ ಹೆಂಡತೀನೇ ಬಂಡಿ ಹೊಡೆಯೋದು."

ಐಸಮ್ ತಲೆಯಾಡಿಸಿದ.

ಬಂಡಿ ಮನೆಯ ಹಿಂದೆ ನಿಂತಿತ್ತು, ಮೇಲೆ ದಪ್ಪ ಬಟ್ಟೆಯ ಕಮಾನು. ಹುಲ್ಡಾ ಅಲ್ಲಿಗೆ ಹೋಗಿ ಪಾದ್ರಿಯ ಹೆಂಡತಿ ಎಲೆಕ್ಟಾಳ ಕಿವಿಯಲ್ಲಿ ಎರಡು ಮಾತು ಹೇಳಿದಳು. ಎಲೆಕ್ಟಾ ಬಂಡಿಯ ಲಗಾಮು ಕೈಗೆ ತೆಗೆದುಕೊಂಡಳು. ಹಿಂತಿರುಗಿ ಬಂದ ಹುಲ್ಡಾ, ಬೈಬಲ್ ತೆರೆಯುತ್ತಿದ್ದ ಪಾದ್ರಿ ಸ್ಟೋಡರ್ಡ್‌ನ ಪಕ್ಕ ನಿಂತಳು. ಸಾವಿನ ಮನೆಯಲ್ಲಿ ಚುಟುಕಾಗಿ ಪ್ರಾರ್ಥಿಸುವುದಕ್ಕೆ ಹೆಸರಾದವನು ಅವನು.

"ಪ್ರಾರ್ಥನೆ ಇವತ್ತು ಸ್ವಲ್ಪ ಉದ್ದ ಇರ್ಲಿ."

ಪಾದ್ರಿ ಅವಳ ಮುಖ ನೋಡಿದ. ಆಮೇಲೆ ಅವಳ ಹಿಂದೆ, ಮನೆಯ ಕಡೆ ನೋಡಿದ. "ಕಣ್ಣು ಮುಚ್ಚಿ," ಅಂದ ಎಲ್ಲರಿಗೂ.

ತಲೆಗಳು ಬಾಗಿದವು. ಅವನು ಅಬ್ನರ್‌ಗಾಗಿ ಪ್ರಾರ್ಥಿಸಿದ, ವಿಧವೆಗಾಗಿ ಪ್ರಾರ್ಥಿಸಿದ. ಬಿತ್ತಿದ ಗೋಧಿಗೆ, ಜ್ವರದಲ್ಲಿ ಮಲಗಿದವರಿಗೆ, ಹಳ್ಳದ ಈಚೆಯವರಿಗೆ, ಆಚೆಯವರಿಗೆ. ಹುಲ್ಡಾ ಕಣ್ಣು ಮುಚ್ಚಿರಲಿಲ್ಲ. ಜನರ ಹಿಂದಿನ ಸಾಲಿನಲ್ಲಿದ್ದ ಐಸಮ್ ಒಂದು ಹೆಜ್ಜೆ ಹಿಂದೆ ಸರಿದ, ಮತ್ತೊಂದು ಹೆಜ್ಜೆ. ಆಮೇಲೆ ಅವನು ನಿಂತಿದ್ದ ಜಾಗದಲ್ಲಿ ತುಳಿದ ಹುಲ್ಲಷ್ಟೇ ಉಳಿಯಿತು.

ಬಂಡಿಯ ಗಾಲಿ ಕಿರುಗುಟ್ಟಿತು. ಪಾದ್ರಿ ದನಿ ಏರಿಸಿದ.

ಆಗ ಹುಲ್ಡಾ ನೋಡಿದಳು. ಗುಂಡಿಯ ಆಚೆ ನಿಂತಿದ್ದ ಕಟ್ರೈಟ್ ಕೂಡ ಕಣ್ಣು ಮುಚ್ಚಿರಲಿಲ್ಲ. ಗಾಲಿಯ ಸದ್ದು ಅವನ ಬೆನ್ನ ಹಿಂದಿನಿಂದ ಬರುತ್ತಿತ್ತು. ಅವನು ಗುಂಡಿಯೊಳಗಿನ ಪೆಟ್ಟಿಗೆಯನ್ನೇ ನೋಡುತ್ತ ನಿಂತ. ತಿರುಗಲಿಲ್ಲ.

ಆಮೆನ್ ಎನ್ನುವ ಹೊತ್ತಿಗೆ ಬಂಡಿ ಗುಡ್ಡದ ಆಚೆ ಇಳಿದಿತ್ತು. ಜನ ಸರದಿಯ ಮೇಲೆ ಮಣ್ಣು ಎಳೆದರು, ಕಟ್ರೈಟ್ ಕೂಡ ಎಳೆದ. ಟೋಪಿ ಹಾಕಿಕೊಂಡು ಹುಲ್ಡಾಳ ಮುಂದೆ ಬಂದು ತಲೆ ಬಾಗಿಸಿ ಹೋದ. ಬೇಲಿಯ ಹತ್ತಿರ ಆಚೀಚೆ ನೋಡಲಿಲ್ಲ, ಯಾರನ್ನೂ ಹೆಸರು ಹಿಡಿದು ಕೂಗಲಿಲ್ಲ. ಕುದುರೆ ಹತ್ತಿ, ಖಾಲಿ ಜೀನಿನ ಹೇಸರಗತ್ತೆಯ ಹಗ್ಗವನ್ನು ಕೈಯಲ್ಲಿ ಹಿಡಿದು ಹೊರಟ.

ಹಳ್ಳದ ನಡುವೆ ನಿಲ್ಲಿಸಿದ. ಎರಡೂ ಪ್ರಾಣಿಗಳು ಕತ್ತು ಬಗ್ಗಿಸಿ ನೀರು ಕುಡಿದವು. ಕುಡಿದು ತಲೆ ಎತ್ತಿ, ಕಿವಿಯಾಡಿಸಿ, ಸುಮ್ಮನೆ ನಿಂತವು. ಅವನು ಮಾತ್ರ ಇನ್ನೂ ಅವಕ್ಕೆ ಬಾಯಾರಿಕೆ ಇದೆ ಎನ್ನುವವನಂತೆ, ಹಗ್ಗ ಸಡಿಲ ಬಿಟ್ಟು, ಬಂಡಿ ಹೋದ ಉತ್ತರಕ್ಕೆ ಬೆನ್ನು ಹಾಕಿ ದಕ್ಷಿಣಕ್ಕೆ ಮುಖ ಮಾಡಿ, ನೀರಿನ ನಡುವೆಯೇ ಕುದುರೆಯ ಮೇಲೆ ಕೂತಿದ್ದ.