ಗದ್ದದ ಪಟ್ಟಿ

ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆಗೆಂದು ಕೊಟ್ಟ ಮೆಷಿನ್ನು ನನ್ನ ಮೂಗಿಗೆ ಗಾಳಿ ಊದುತ್ತದೆ. ನನ್ನ ಹಾಳು ಬಾಯಿ ನಿದ್ದೆ ಹತ್ತಿದ ಕೂಡಲೇ ತೆರೆದುಕೊಂಡು ಅದನ್ನೆಲ್ಲ ಹೊರಗೆ ಬಿಡುತ್ತದೆ. ಬೆಳಿಗ್ಗೆ ಗಂಟಲು ಒಣಗಿರುತ್ತದೆ. ನಮ್ಮೂರು ಹಗರೆಯ ಡೇರಿಯಲ್ಲಿ ಹಾಲು ಅಳೆಯುತ್ತಲೇ ತೂಕಡಿಸುತ್ತೇನೆ. ಕೊನೆಗೆ ಡಾಕ್ಟರು ಗದ್ದದಿಂದ ನೆತ್ತಿಗೆ ಬಿಗಿಯುವ ಪಟ್ಟಿಯೊಂದನ್ನು ಕೊಟ್ಟರು.

ಭಾನುವಾರ ಮಧ್ಯಾಹ್ನ ಅದನ್ನು ಕಟ್ಟಿಕೊಂಡು ಮಲಗಿದೆ. ಅತ್ತೆ ಸಣ್ಣತಾಯಮ್ಮ ಬಾಗಿಲಲ್ಲೇ ನಿಂತುಬಿಟ್ಟರು.

"ಬಿಚ್ಚಾಕು ಮಂಜುಳಾ. ನಿಮ್ಮಾವನ ಹೆಣಕ್ಕೂ ಹಿಂಗೇ ಬಟ್ಟೆ ಕಟ್ಟಿದ್ದು. ನನ್ ಕೈಲಿ ನೋಡಕ್ಕಾಗಕಿಲ್ಲ."

ನಾನು ಎದ್ದು ಕೂತು ಪಟ್ಟಿಯನ್ನು ಗದ್ದದಿಂದ ಕೆಳಗೆ ಜಾರಿಸಿದೆ. "ಮಾವನೂ ನನ್ನಂಗೇ ಗೊರಕೆ ಹೊಡೀತಿದ್ರು, ಅಲ್ವಾ ಅತ್ತೆ?"

"ಹೂಂ. ಬಾಯಿ ಬಿಟ್ಕಂಡೇ ಮಲಗೋರು. ನಿದ್ದೇಲೇ ಹೋಗ್ಬಿಟ್ರು."

"ಅವರಿಗೆ ಹೋದ್ಮೇಲೆ ಕಟ್ಟಿದ್ರಿ. ನಾನು ಇರೋವಾಗ್ಲೇ ಕಟ್ಕತೀನಿ. ಬಿಚ್ಚಲ್ಲ."

ಪಟ್ಟಿಯನ್ನು ಮತ್ತೆ ಏರಿಸಿಕೊಂಡು ಗೋಡೆ ಕಡೆ ತಿರುಗಿ ಮಲಗಿದೆ. ಅತ್ತೆ ಹೊರಗೆ ಹೋಗುತ್ತಾರೆ ಅಂದುಕೊಂಡಿದ್ದೆ. ಅವರು ಹಾಸಿಗೆಯ ಹತ್ತಿರ ಬಂದು ನೆತ್ತಿಯ ಮೇಲೆ ಪಟ್ಟಿಯನ್ನು ಎಳೆದು ಬಿಗಿ ಮಾಡಿದರು.

"ಸಡ್ಲ ಬಿಟ್ರೆ ಬಾಯಿ ಮತ್ತೆ ಬಿಟ್ಕತದೆ ಕಣವ್ವ," ಎಂದರು. "ನಂಗೊತ್ತು."