ಹಿಂದೆ ನಡೆಯುವ ದಿನ

ಬಿಸಿಲುಕಾಲ ಆಗಷ್ಟೇ ಕಾಲಿಟ್ಟಿತ್ತು. ಬೆಳಗಿನ ಹೊತ್ತಿಗೇ ಡೇರಿಯ ಅಂಗಳ ಬೆಚ್ಚಗಾಗಿ, ಕ್ಯಾನು ತೊಳೆದ ನೀರು ಮೋರಿ ಮುಟ್ಟುವ ಮೊದಲೇ ಆರಿಹೋಗುತ್ತಿತ್ತು. ಹಸಿಮೇವು ಮುಗಿದು ದನಗಳಿಗೆ ಒಣಹುಲ್ಲೇ ಗತಿಯಾದ ಕಾಲ. ಹಾಲು ದಿನದಿನಕ್ಕೆ ಇಳಿಯುತ್ತಿತ್ತು. ಆದರೂ ಹಾಲು ಇಳಿಸುವ ಕಟ್ಟೆಯ ಮೇಲೆ ಯಾರ ಕೈಯೂ ಬಿಡುವಾಗಿರಲಿಲ್ಲ. ಒಬ್ಬ ಮುಚ್ಚಳ ಎತ್ತಿ ಕ್ಯಾನಿನೊಳಗೆ ಮೂಗು ಇಳಿಸುತ್ತಿದ್ದ, ಇನ್ನೊಬ್ಬ ಸೌಟಿನಿಂದ ಕಲಕಿ ಪರೀಕ್ಷೆಗೆ ಹಾಲು ತೆಗೆಯುತ್ತಿದ್ದ, ಮತ್ತೊಬ್ಬ ಕ್ಯಾನನ್ನು ಮೊಣಕಾಲಿಗೆ ಆನಿಸಿಕೊಂಡು ತೊಟ್ಟಿಗೆ ಬಗ್ಗಿಸುತ್ತಿದ್ದ.

ಇವರ ನಡುವೆ ಇಬ್ಬರು ನಡೆದು ಬರುತ್ತಿದ್ದರು. ಮುಂದೆ ಇದ್ದವರು ಅಂದೇ ಅಧಿಕಾರ ವಹಿಸಿಕೊಂಡ ಹೊಸ ಎಂ.ಡಿ. ಹಣಕಾಸು ವಿಭಾಗದಲ್ಲಿ ಮೇಲೆ ಬಂದವರಾದ್ದರಿಂದ ಡೇರಿಯ ಮಂದಿಗೆಲ್ಲ ಲೆಕ್ಕದಮ್ಮ. ಹಿಂದೆ ಇದ್ದವರು ಹಳೆಯ ಎಂ.ಡಿ.; ಯಾವ ಬಾಗಿಲಲ್ಲೂ ತಲೆ ಬಗ್ಗಿಸಿಯೇ ನುಗ್ಗಬೇಕಾದ ಉದ್ದ ಸಾಹೇಬರು. ಸೈಕಲ್ ಮೇಲೆ ಹಳ್ಳಿ ಸುತ್ತುವ ಸೂಪರ್‌ವೈಸರಾಗಿ ಸೇರಿ, ಖರೀದಿ ನೋಡಿ, ಪಟ್ಟಣದಲ್ಲಿ ಮಾರಾಟ ನೋಡಿ, ಕೊನೆಗೆ ಕುರ್ಚಿಯವರೆಗೆ ಬಂದವರು. ಈಗ ಪಟ್ಟಣದ ಮ್ಯಾನೇಜ್‌ಮೆಂಟ್ ಕಾಲೇಜಿಗೆ ನಿರ್ದೇಶಕರಾಗಿ ಹೊರಟಿದ್ದರು.

ಆ ಡೇರಿಯಲ್ಲಿ ಒಂದು ಪದ್ಧತಿ. ದೊಡ್ಡ ಹುದ್ದೆ ಕೈಬದಲಾಗುವ ದಿನ ಹೊಸಬರು ಮುಂದೆ ನಡೆಯಬೇಕು, ಹಳಬರು ಹಿಂದೆ. ಹಿಂದಿನವರು ಬಾಯಿ ಬಿಡುವಂತಿಲ್ಲ. ಯಾರು ಏನೇ ಕೇಳಲಿ, ಮುಂದಿನವರ ಕಡೆ ಕೈ ತೋರಿಸಿ ಸುಮ್ಮನಾಗಬೇಕು. ಸಂಜೆಯ ಹಾಲು ಕಟ್ಟೆಗಿಳಿಯುವವರೆಗೂ ಇದೇ ವ್ರತ.

"ಸಾಹೇಬ್ರೇ, ಕಾಲೇಜಲ್ಲಿ ಮಕ್ಕಳಿಗೆ ಏನು ಕಲಿಸ್ತೀರಿ?" ಹಾಲು ಪರೀಕ್ಷೆ ಮಾಡುವವನು ಬೇಕೆಂದೇ ಕೆಣಕಿದ.

ಉದ್ದ ಸಾಹೇಬರು ಲೆಕ್ಕದಮ್ಮನ ಕಡೆ ಕೈ ತೋರಿಸಿದರು. ಕಟ್ಟೆಯೆಲ್ಲ ನಕ್ಕಿತು.

"ಅದನ್ನೂ ನಾನೇ ಹೇಳ್ಬೇಕಾ? ಸದ್ಯಕ್ಕೆ ಬಾಯಿ ಕಟ್ಟೋದು ಹೇಗೆ ಅಂತ ಅವರೇ ಕಲೀತಿದ್ದಾರೆ, ಬಿಡಪ್ಪ," ಎಂದರು ಲೆಕ್ಕದಮ್ಮ.

"ಮನೇಲಿ ಅಮ್ಮಾವ್ರು ಈ ಪದ್ಧತೀನ ದಿನಾ ಇಟ್ಕೊಳ್ಳಿ ಅಂತಾರೆ, ನೋಡಿ ಬೇಕಾದ್ರೆ," ಎಂದ ಪರೀಕ್ಷೆಯವನು.

ಸಾಹೇಬರಿಗೂ ನಗು ತಡೆಯಲಾಗಲಿಲ್ಲ. ನಗುವುದಕ್ಕೆ ಅಡ್ಡಿಯಿರಲಿಲ್ಲ.

ಅಷ್ಟರಲ್ಲಿ ಗೇಟಿನ ಕಡೆಯಿಂದ ನಾಲ್ಕಾರು ಹೆಂಗಸರು ಬಂದರು. ಗುಡ್ಡದ ಮೇಲಿನ ಕೇರಿಯವರು. ಮುಂದೆ ಇದ್ದವಳನ್ನು ಎಲ್ಲರೂ ಗುಡ್ಡದಕ್ಕ ಎನ್ನುತ್ತಿದ್ದರು. ಅವಳು ಲೆಕ್ಕದಮ್ಮನನ್ನು ದಾಟಿಕೊಂಡು ನೇರ ಉದ್ದ ಸಾಹೇಬರ ಮುಂದೆ ನಿಂತಳು.

"ಸಾಹೇಬ್ರೇ, ಬಿಸಿಲು ಬರೋದ್ರೊಳಗೆ ನಮ್ಮ ಕೇರಿಗೆ ಹಾಲು ತಣ್ಣಗೆ ಮಾಡೋ ಮಿಶನ್ನು ಹಾಕಿಸ್ತೀನಿ ಅಂದಿದ್ರಿ. ಬಿಸಿಲು ಬಂತು, ಮಿಶನ್ನು ಬರ್ಲಿಲ್ಲ. ನಿನ್ನೆ ಸಂಜೆ ನಮ್ಮ ಹಾಲು ಪೂರ್ತಿ ಒಡೀತು ಅಂತ ವಾಪಸು ಕಳಿಸಿದ್ರು. ನೀವು ನೋಡಿದ್ರೆ ಕಾಲೇಜಿಗೆ ಹೊರಟ್ರಂತೆ. ಇನ್ನು ನಾವು ಯಾರನ್ನ ಕೇಳೋಣ?"

ಉದ್ದ ಸಾಹೇಬರ ಕೈ ತಕ್ಷಣ ಮೇಲೇಳಲಿಲ್ಲ. ಮಾತು ಕೊಟ್ಟಿದ್ದು ನಿಜ. ಹೌದು ಎಂದು ಒಂದೇ ಒಂದು ಮಾತು ಆಡಿದ್ದರೆ ಮಿಶನ್ನು ಬಂದೇ ಬರುತ್ತಿತ್ತು. ಇಷ್ಟು ಜನರೆದುರು ಲೆಕ್ಕದಮ್ಮನಿಗೆ ಇಲ್ಲವೆನ್ನಲಾಗುತ್ತಿರಲಿಲ್ಲ. ಆದರೆ ನಾಳೆಯಿಂದ ಲೆಕ್ಕದಮ್ಮ ಒಲ್ಲೆ ಎಂದದ್ದಕ್ಕೆಲ್ಲ ಜನ ಬಸ್ಸು ಹತ್ತಿ ಕಾಲೇಜಿನ ಬಾಗಿಲಿಗೆ ಬರುತ್ತಿದ್ದರು. ಕೊನೆಗೆ ಕೈ ತೋರಿಸಿದರು. ಗುಡ್ಡದಕ್ಕನ ಮುಖ ಚಿಕ್ಕದಾಯಿತು.

ಲೆಕ್ಕದಮ್ಮ ಅವಸರ ಮಾಡಲಿಲ್ಲ. ಹೆಂಗಸರನ್ನು ನೆರಳಿಗೆ ಕರೆದರು.

"ಮಿಶನ್ನು ಆಗಲ್ಲ ಅಕ್ಕ. ನಿಮ್ಮ ಕೇರೀಲಿ ಬರೋ ಹಾಲಿಗೆ ಅದರ ಕರೆಂಟು ಖರ್ಚೂ ಹುಟ್ಟಲ್ಲ. ಆಸೆ ತೋರಿಸಿ ಕಳಿಸೋಕೆ ನನಗೆ ಮನಸ್ಸಿಲ್ಲ."

"ಹಾಗಾದ್ರೆ ಸಾಹೇಬ್ರ ಮಾತು?"

"ಅವರ ಮಾತು ಅಂದ್ರೆ ಡೇರಿ ಮಾತು. ಅದು ಈಗ ನನ್ನ ತಲೆ ಮೇಲಿದೆ. ನಿಮಗೆ ಮಿಶನ್ನು ಬೇಕಾ, ಹಾಲು ಒಡೀದೆ ಇರೋದು ಬೇಕಾ?"

"ಮಿಶನ್ನು ಕಟ್ಕೊಂಡು ನಾನೇನು ಮಾಡ್ಲಿ ತಾಯಿ? ಹಾಲು ಉಳಿದ್ರೆ ಸಾಕು."

ಲೆಕ್ಕದಮ್ಮ ಹಾಲಿನ ವ್ಯಾನಿನ ಡ್ರೈವರನ್ನು ಕೂಗಿದರು. ಸಂಜೆಯ ದಾರಿ ಹೇಗೆ ಎಂದು ಕೇಳಿದರು. ಅವನು ತಲೆ ಕೆರೆದುಕೊಂಡು ಹೇಳಿದ: ಮೊದಲು ಗುಡ್ಡ. ಆಮೇಲೆ ಕೆಳಗಿನ ಹಳ್ಳಿಗಳನ್ನೆಲ್ಲ ಸುತ್ತಿ, ಕೊನೆಗೆ ಡೇರಿ ಅಧ್ಯಕ್ಷರ ತೋಟ. ಅಲ್ಲಿಂದ ಡೇರಿ.

"ಅಂದ್ರೆ ಗುಡ್ಡದ ಹಾಲು ಊರೆಲ್ಲ ಸುತ್ತಿ ಕುದ್ದು ಬರುತ್ತೆ. ಅಧ್ಯಕ್ಷರ ತೋಟದಲ್ಲಿ ಅವರದ್ದೇ ಕೂಲರ್ ಇದೆಯಲ್ಲ?"

"ಇದೆ ಮೇಡಂ. ಕೈ ಹಾಕಿದ್ರೆ ಬೆರಳು ಮರಗಟ್ಟುತ್ತೆ."

"ಸರಿ. ಇವತ್ತಿಂದ ತಣ್ಣಗಿರೋ ಹಾಲು ಮೊದಲು ಹತ್ತಲಿ, ಬೆಚ್ಚಗಿರೋದು ಕೊನೆಗೆ. ಮೊದಲು ತೋಟ, ಕೊನೆಗೆ ಗುಡ್ಡ. ಅಲ್ಲಿಂದ ಅಡ್ಡದಾರೀಲಿ ನೇರ ಇಲ್ಲಿಗೆ. ಅಕ್ಕ, ನೀವೂ ಸ್ವಲ್ಪ ಬಿಸಿಲು ಇಳಿದ ಮೇಲೆ ಹಾಲು ಕರೀರಿ."

ಡ್ರೈವರ್ ಉದ್ದ ಸಾಹೇಬರ ಮುಖ ನೋಡಿದ. ಉದ್ದ ಸಾಹೇಬರು ಕೈ ತೋರಿಸಿದರು. ಈ ಸಲ ಕೈ ತಾನಾಗಿ ಎದ್ದಿತ್ತು.

ಆ ದಾರಿ ಅವರಿಗೆ ಗೊತ್ತಿಲ್ಲದ್ದೇನಲ್ಲ. ಅಧ್ಯಕ್ಷರ ಆಳುಗಳು ಹೊತ್ತಾದ ಮೇಲೆ ಹಾಲು ಕರೆಯುತ್ತಿದ್ದರು, ವ್ಯಾನು ಅದಕ್ಕೆ ತಕ್ಕಂತೆ ಊರು ಸುತ್ತುತ್ತಿತ್ತು. ಅದನ್ನು ಮುಟ್ಟುವುದಕ್ಕಿಂತ ಮಿಶನ್ನಿನ ಮಾತು ಕೊಡುವುದು ಹಗುರವಾಗಿ ಕಂಡಿತ್ತು. ಲೆಕ್ಕದಮ್ಮ ನಿಂತ ನಿಲುವಿನಲ್ಲಿ ಅದನ್ನು ಮುಟ್ಟಿಬಿಟ್ಟಿದ್ದರು.

ಮಧ್ಯಾಹ್ನ ಬೆಣ್ಣೆ ವಿಭಾಗದಲ್ಲಿದ್ದಾಗ ಉದ್ದ ಸಾಹೇಬರ ಜೇಬಿನ ಫೋನು ಹೊಡೆದುಕೊಂಡಿತು. ಅಧ್ಯಕ್ಷರು. ರೈತರ ಓಟಿನಿಂದ ಗೆದ್ದವರು, ದೊಡ್ಡ ಜಮೀನುದಾರರು. ಕಾಲೇಜಿನ ಆಡಳಿತ ಮಂಡಳಿಯಲ್ಲೂ ಅವರದ್ದೇ ಮಾತು. ಸಾಹೇಬರ ನೇಮಕದ ಕಾಗದಕ್ಕೆ ಅವರ ಸಹಿ ಇನ್ನೂ ಬೀಳಬೇಕಿತ್ತು.

"ಏನಯ್ಯಾ ಇದು? ನಿಮ್ಮ ಡ್ರೈವರ್ ಈಗ್ಲೇ ಬಂದು ಹಾಲು ಕರೆದಿಡಿ ಅಂತಾನೆ! ನಮ್ಮ ಹಸುಗಳಿಗೆ ಇನ್ನು ಗಡಿಯಾರ ಕಟ್ಬೇಕಾ? ನೀನು ಇನ್ನೂ ಅಲ್ಲೇ ಇದೀಯ ತಾನೇ? ಆ ಹುಡುಗಿಗೆ ಒಂದು ಮಾತು ಹೇಳು."

ಗದ್ದಲದ ನಡುವೆಯೂ ಆ ದನಿ ಸುತ್ತಲಿನವರಿಗೆಲ್ಲ ಕೇಳಿಸುತ್ತಿತ್ತು. ಫೋನಿನೊಳಗೆ ಕೈ ತೋರಿಸುವುದು ಹೇಗೆ? ಉದ್ದ ಸಾಹೇಬರು ಒಂದು ಗಳಿಗೆ ಬೆಣ್ಣೆಯ ಯಂತ್ರ ತಿರುಗುವುದನ್ನೇ ನೋಡುತ್ತ ನಿಂತರು.

ಕಣ್ಣ ಮುಂದೆ ತಾವೇ ಮುಂದೆ ನಡೆದ ದಿನ ಬಂದು ನಿಂತಿತು. ಅಂದು ಹಿಂದೆ ನಡೆದವರು ಆಗಿನ ಎಂ.ಡಿ. ಇಂಜಿನಿಯರಮ್ಮ. ಡೇರಿಯ ಪೈಪು ಪೈಪನ್ನೂ ನಿಂತು ಜೋಡಿಸಿದವರು. ಹೊಸ ಹುರುಪಿನಲ್ಲಿ ತಾವು ಅವರ ಹಳೆಯ ಬಾಯ್ಲರ್ ದಂಡದ ಖರ್ಚೆಂದು ಎಲ್ಲರೆದುರು ಅದನ್ನು ಆರಿಸಲು ಹೇಳಿಬಿಟ್ಟಿದ್ದರು. ಫಿಟ್ಟರುಗಳು ಇಂಜಿನಿಯರಮ್ಮನ ಮುಖ ನೋಡಿದರು. ಆಕೆ ಕೈ ತೋರಿಸಿ ಸುಮ್ಮನಾದರು. ತಿಂಗಳೊಳಗೆ ಹಬೆ ಸಾಲದೆ ಕೆಲಸ ಕುಂಟಿತು. ತಾವೇ ಹೋಗಿ, ತಪ್ಪಾಯಿತು, ಉರಿ ಹಾಕಿ ಎಂದರು. ಫಿಟ್ಟರುಗಳು ಬಾಯ್ತುಂಬ ನಕ್ಕರು. ನಕ್ಕ ಮೇಲೆ ಸಾಹೇಬರ ಮಾತು ಕೇಳತೊಡಗಿದರು. ಅಂದು ಇಂಜಿನಿಯರಮ್ಮ ಒಂದೇ ಒಂದು ಮಾತು ಆಡಿದ್ದರೆ ಬಾಯ್ಲರ್ ಉರಿಯುತ್ತಿತ್ತು, ಉದ್ದ ಸಾಹೇಬರು ಕೊನೆಯವರೆಗೂ ಆಕೆಯ ನೆರಳಾಗಿ ಉಳಿಯುತ್ತಿದ್ದರು.

"ಹಲೋ? ಇದೀಯೇನಯ್ಯಾ?"

ಉದ್ದ ಸಾಹೇಬರು ಫೋನನ್ನು ಲೆಕ್ಕದಮ್ಮನ ಕೈಗೆ ಕೊಟ್ಟರು.

"ನಮಸ್ಕಾರ ಸರ್, ನಾನು ಮಾತಾಡ್ತಿರೋದು... ಹೌದು ಸರ್, ನಾನೇ ಬದಲಾಯಿಸಿದ್ದು... ನಿಮ್ಮ ಹಾಲು ಕೆಡಲ್ಲ ಸರ್, ನಿಮ್ಮ ಹತ್ರ ಕೂಲರ್ ಇದೆ. ಅವರ ಹತ್ರ ಇಲ್ಲ... ಅವರೂ ನಿಮಗೇ ಓಟು ಹಾಕಿದವರಲ್ವಾ ಸರ್?... ಇದಾರೆ, ನನ್ನ ಹಿಂದೇನೇ ಇದಾರೆ. ಅವರು ಇವತ್ತು ಮಾತಾಡೋ ಹಾಗಿಲ್ಲ."

ಮಾತು ಮುಗಿಸಿ ಫೋನು ಹಿಂದಿರುಗಿಸುತ್ತ ಲೆಕ್ಕದಮ್ಮ, "ನಿಮ್ಮ ನೇಮಕದ ಕಾಗದಕ್ಕೆ ತೊಂದ್ರೆ ಆಗುತ್ತೇನೋ ಸರ್," ಎಂದರು ಮೆಲ್ಲಗೆ. ಸಾಹೇಬರು ಮುಂದೆ ನಡೆಯುವಂತೆ ಕೈ ತೋರಿಸಿದರು.

ಹೊತ್ತು ಇಳಿಯುವಾಗ ಕಟ್ಟೆಯ ಹತ್ತಿರ ಜನ ಸೇರಿತ್ತು. ಪಾಳಿ ಮುಗಿದವರೂ ಮನೆಗೆ ಹೋಗಿರಲಿಲ್ಲ. ವ್ಯಾನು ಬಂತು. ಅದರ ಹಿಂಬದಿಯಲ್ಲಿ ಗುಡ್ಡದಕ್ಕ ತನ್ನ ಕ್ಯಾನು ತಬ್ಬಿಕೊಂಡು ಕೂತಿದ್ದಳು.

"ಇವಳು ಇಳಿಯಲ್ಲ ಅಂದ್ಲು ಮೇಡಂ, ಹಾಲಿನ ಪರೀಕ್ಷೆ ತನ್ನ ಕಣ್ಣೆದುರೇ ಆಗ್ಬೇಕಂತೆ," ಎಂದ ಡ್ರೈವರ್.

ಪರೀಕ್ಷೆಯವನು ಗುಡ್ಡದ ಹಾಲನ್ನು ಗಾಜಿನ ಕೊಳವೆಗೆ ಹಾಕಿ ಉರಿಯ ಮೇಲೆ ಹಿಡಿದ. ಹುಳಿ ತಿರುಗಿದ್ದರೆ ಕಾದ ಕೂಡಲೇ ಹಾಲು ಗಂಟಾಗಿ ಗಾಜಿಗೆ ಅಂಟುತ್ತದೆ. ಹಾಲು ಉಕ್ಕಿತು. ಅವನು ಕೊಳವೆಯನ್ನು ಬೆಳಕಿಗೆ ವಾಲಿಸಿದ. ಗಾಜಿನ ಗೋಡೆಯ ಮೇಲೆ ಹಾಲು ತೆಳ್ಳಗೆ, ನುಣ್ಣಗೆ ಜಾರಿತು.

"ತೊಟ್ಟಿಗೆ ಹಾಕಿ!"

ಕ್ಯಾನುಗಳು ಒಂದರ ಹಿಂದೊಂದು ಬಗ್ಗಿದವು. ಗುಡ್ಡದಕ್ಕ ಲೆಕ್ಕದಮ್ಮನ ಎರಡೂ ಕೈ ಹಿಡಿದುಕೊಂಡಳು. ಆಮೇಲೆ ಉದ್ದ ಸಾಹೇಬರ ಹತ್ತಿರ ಬಂದಳು.

"ನಿಮ್ಮ ಮಾತು ಉಳೀತು ನೋಡಿ ಸಾಹೇಬ್ರೇ. ಬೆಳಿಗ್ಗೆ ನಿಮಗೆ ಮನಸ್ಸಲ್ಲೇ ಬೈದಿದ್ದೆ, ಹೊಟ್ಟೇಲಿ ಹಾಕ್ಕೊಳ್ಳಿ."

ಹಾಲು ಇಳಿದಾಗಿತ್ತು, ವ್ರತ ಮುಗಿದಿತ್ತು. "ಬೈದಿದ್ದು ಸರಿಯಾಗೇ ಇತ್ತು ಕಣಕ್ಕ," ಎಂದರು ಸಾಹೇಬರು. ಇಡೀ ದಿನ ಆಡದ ದನಿ ಒಡೆದು ಬಂತು. ಲೆಕ್ಕದಮ್ಮನ ಕಡೆ ತಿರುಗಿ, "ನನ್ನ ಮಾತು ನೀನು ತೀರಿಸಿದೆ ತಾಯಿ," ಎಂದರು.

"ಅಧ್ಯಕ್ಷರು ಈಗ ನನಗೇ ಫೋನ್ ಮಾಡಿದ್ರು ಸರ್. ಒಂದು ವಾರ ನೋಡ್ತಾರಂತೆ, ಅವರ ಹಸುಗಳ ಹಾಲು ಕಡಿಮೆಯಾದ್ರೆ ನನ್ನನ್ನ ವಿಚಾರಿಸ್ಕೊಳ್ತಾರಂತೆ. ನಿಮ್ಮ ಕಾಗದಕ್ಕೆ ಮಾತ್ರ ಸಹಿ ಬಿತ್ತಂತೆ. 'ನಾನು ಬೈತಿದ್ರೂ ಬಾಯಿ ಬಿಡದ ಮನುಷ್ಯ ಕಾಲೇಜು ಮಕ್ಕಳ ಮಾತನ್ನಾದ್ರೂ ಪೂರ್ತಿ ಕೇಳ್ತಾನೆ, ಹೋಗ್ಲಿ' ಅಂದ್ರು."

ಸಾಹೇಬರು ಅಂಗಳದ ಮೂಲೆಗೆ ಹೋಗಿ ದೂರದ ಊರಲ್ಲಿ ಮಗಳ ಮನೆಯಲ್ಲಿದ್ದ ಇಂಜಿನಿಯರಮ್ಮನಿಗೆ ಫೋನು ಮಾಡಿದರು. ನಡೆದದ್ದನ್ನೆಲ್ಲ ಹೇಳಿದರು. ಆ ಕಡೆಯಿಂದ ಕೆಮ್ಮು, ಆಮೇಲೆ ನಗು.

"ಒಂದು ಮಾತೂ ಆಡ್ಲಿಲ್ವಾ? ನೀನಾ?"

"ಆಣೆಗೂ ಇಲ್ಲ ಮೇಡಂ. ಅವತ್ತು ಬಾಯ್ಲರ್ ಹತ್ರ ನೀವು ಸುಮ್ಮನಿದ್ರಲ್ಲ, ಅದು ಎಷ್ಟು ಕಷ್ಟ ಅಂತ ಇವತ್ತು ಗೊತ್ತಾಯ್ತು. ನಿಮ್ಮ ಋಣ ಹೇಗೆ ತೀರಿಸಬೇಕೋ ನನಗೆ ತಿಳೀತಿಲ್ಲ."

"ತೀರಿಸೋಕೆ ಹೋಗ್ಬೇಡ ಮಾರಾಯ. ತೀರಿಸಿದ್ರೆ ನೀನು ಫೋನ್ ಮಾಡೋದು ನಿಲ್ಲಿಸ್ತೀಯ. ಮೊದ್ಲೇ ಇಲ್ಲಿ ನನ್ನ ಜೊತೆ ಹಾಲಿನ ಮಾತಾಡೋರು ಯಾರೂ ಇಲ್ಲ. ಹಂಗೇ ಇರ್ಲಿ."

"ಆಯ್ತು ಮೇಡಂ, ಹಂಗೇ ಇಟ್ಕೋತೀನಿ," ಎಂದ ಸಾಹೇಬರು ಹಿಮ್ಮುಖವಾಗಿ ಬರುತ್ತಿದ್ದ ವ್ಯಾನಿಗೆ ದಾರಿ ಬಿಟ್ಟು ಗೋಡೆಗೆ ಒತ್ತಿ ನಿಂತರು.

"ಅಂದ ಹಾಗೆ, ಹಾಲಲ್ಲಿ ಫ್ಯಾಟ್ ಎಷ್ಟು ಬರ್ತಿದೆ ಈ ಬಿಸಿಲಿಗೆ?" ಎಂದು ಆಕೆ ಕೇಳಿದರು. ಮಾತು ಬಹಳ ಹೊತ್ತು ನಡೆಯಿತು.