ಎಣ್ಣೆಯಲ್ಲಿಟ್ಟ ಅರ್ಧ ಗುಂಡು

"ನಿಮ್ಮ ಕುಲುಮೇಲೇ ಏನೋ ಬೆರೆತಿದೆ, ಆಫ್ಕೆಯವ್ರೇ," ಎನ್ನುತ್ತ ಸಂಶೋಧನಾ ವಿದ್ಯಾರ್ಥಿ ರೂರ್ಡ್ ಲೋಹದ ಕಡ್ಡಿಯನ್ನು ಮೇಜಿನ ಮೇಲಿಟ್ಟ. "ಐದು ಡಿಗ್ರಿಗೆ ಮುಳ್ಳು ಜಿಗೀಬೇಕಿತ್ತು. ಒಂದಕ್ಕೆ ಇಳಿಸಿದ್ರೂ ಅಲ್ಲಾಡ್ಲಿಲ್ಲ. ಇನ್ಮೇಲೆ ಹೊರಗಿಂದ ತರಿಸೋಣ ಅಂತಿದಾರೆ ಪ್ರೊಫೆಸರ್."

ಹಾಲೆಂಡಿನ ಲೈಡನ್ನಿನ ಆ ಪ್ರಯೋಗಾಲಯದಲ್ಲಿ ಆಫ್ಕೆ ಇಪ್ಪತ್ತಾರು ವರ್ಷಗಳಿಂದ ಲೋಹ ಕರಗಿಸುತ್ತಿದ್ದಳು. ಅವಳ ಲ್ಯಾಂಥನಮ್ ಲೋಹದ ಗುಂಡು, ಪರಮಶೂನ್ಯಕ್ಕಿಂತ ಐದೇ ಡಿಗ್ರಿ ಮೇಲಿರುವ ದ್ರವ ಹೀಲಿಯಮ್ಮಿನ ಚಳಿಗೆ ಇಳಿದರೆ, ವಿದ್ಯುತ್ತಿಗೆ ತಡೆಯೇ ಇಲ್ಲದ ಅತಿವಾಹಕವಾಗಿ, ಸುತ್ತಲಿನ ಕಾಂತಕ್ಷೇತ್ರವನ್ನು ಮೈಯಿಂದ ಹೊರದಬ್ಬಬೇಕು. ಆಗಲೇ ಮಾಪಕದ ಮುಳ್ಳು ಜಿಗಿಯುವುದು. ಕಾಂತಗುಣದ ಗ್ಯಾಡೊಲಿನಿಯಮ್ ನೂರಕ್ಕೆ ಒಂದು ಪಾಲು ಸೇರಿದರೂ ಅಷ್ಟೂ ಕೆಡುತ್ತದೆ.

ಆಫ್ಕೆ ಏಪ್ರನ್ನಿಗೆ ಕೈ ಒರೆಸಿಕೊಂಡು ಬೀರುವಿನಿಂದ ಒಂದು ಎಣ್ಣೆ ಸೀಸೆ ತೆಗೆದಳು. ಚೀಟಿಯ ಮೇಲೆ ತಾರೀಖು. ಒಳಗೊಂದು ಬೂದುಬಣ್ಣದ ತುಂಡು.

"ಇದೇನು?"

"ನಿಂಗೆ ಕೊಟ್ಟ ಗುಂಡಿನ ಇನ್ನರ್ಧ. ಚೀಸ್ ಕೊಯ್ದ ಹಾಗೆ ಕೊಯ್ದು ಅರ್ಧಾನ ಗಾಳಿ ಸೋಕ್ಬಾರ್ದು ಅಂತ ಎಣ್ಣೇಲಿ ಎತ್ತಿಡ್ತೀನಿ. ಯಾರೂ ಹೇಳಿದ್ದಲ್ಲ. ಇಳಿಸಿ ನೋಡು."

ಪ್ರೊಫೆಸರ್ ಹೂಕ್ಸೆಮಾ ತಾವೇ ಬಂದು ನಿಂತರು. ರೂರ್ಡ್ ಆ ತುಂಡನ್ನು ಚಳಿಗೆ ಇಳಿಸಿದ. ಏಳು ಡಿಗ್ರಿ. ಆರು. ಐದರ ಹತ್ತಿರ ಮುಳ್ಳು ಚಂಗನೆ ಜಿಗಿಯಿತು.

"ಇದು ಅಪ್ಪಟ!" ಎಂದರು ಪ್ರೊಫೆಸರ್. "ನಿನ್ನ ಅರ್ಧಕ್ಕೆ ಏನಪ್ಪಾ ಮಾಡ್ದೆ?"

"ಉದ್ದ ಕಡ್ಡಿ ಬೇಕಿತ್ತು ಸರ್. ಕೆಳಗಡೆ ನಾನೇ ಇನ್ನೊಂದ್ಸಲ ಕರಗಿಸ್ದೆ."

"ಸೋಮವಾರ ಗ್ಯಾಡೊಲಿನಿಯಮ್ ಕರಗಿಸಿದ್ಯಲ್ಲ, ಆ ಮೂಸೇಲಾ?" ಆಫ್ಕೆ ಮೆಲ್ಲಗೆ ಕೇಳಿದಳು.

ರೂರ್ಡ್‌ನ ಕಿವಿ ಕೆಂಪಾಯಿತು. "ಚೆನ್ನಾಗಿ ಒರೆಸಿದ್ದೆ."

"ಅದು ಸೂಪಿನ ಬಟ್ಟಲಲ್ಲಪ್ಪ ಒರೆಸೋಕೆ. ಒಂದ್ಸಲಕ್ಕೆ ಒಂದು ಮೂಸೆ, ಆಮೇಲೆ ಒಡೆದು ಬಿಸಾಕೋದು."

ಪ್ರೊಫೆಸರ್ ಲೋಹ ತರಿಸಲು ಬರೆದಿದ್ದ ಪತ್ರವನ್ನು ಜೇಬಿನಿಂದ ತೆಗೆದು ಎರಡಾಗಿ ಹರಿದರು. "ಹೊರಗಿಂದ ಏನೂ ಬೇಡ. ಆಫ್ಕೆ, ಮುಂದಿನ ಹನ್ನೆರಡು ಗುಂಡೂ ನಿಮ್ಮ ಕೈಯಿಂದಾನೇ ಆಗ್ಬೇಕು."

"ಆಗ್ಲಿ," ಎಂದಳು. ಅವಳ ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಹತ್ತೂವರೆಯ ಕಾಫಿ ಬಂತು. ಆಫ್ಕೆ ಎಂದಿನಂತೆ ಬಿಸ್ಕತ್ತಿನ ಡಬ್ಬಿ ತೆರೆದು, ಎಲ್ಲರಿಗೂ ಒಂದೊಂದು ಕೊಟ್ಟು ಮುಚ್ಚಳ ಹಾಕಿದಳು. ಎರಡನೆಯದು ಯಾರಿಗೂ ಸಿಗುತ್ತಿರಲಿಲ್ಲ. ರೂರ್ಡ್ ತನ್ನದನ್ನು ತಿನ್ನದೆ, ತಲೆ ಎತ್ತದೆ ಕೂತಿದ್ದ.

ಆಫ್ಕೆ ಮುಚ್ಚಳವನ್ನು ಮತ್ತೊಮ್ಮೆ ತೆಗೆದು, ಡಬ್ಬಿಯನ್ನು ಅವನ ಕಡೆ ಸರಿಸಿದಳು.